ಎಕ್ಸ್‌ಆರ್‌ಡಿಗೆ ಕಳಿಸುವ ಮುನ್ನ: ಮೊಟ್ಟೆ ಚಿಪ್ಪಿನಿಂದ ಹೈಡ್ರಾಕ್ಸಿಅಪಟೈಟ್

ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ರಸಾಯನಶಾಸ್ತ್ರದ ಹುಡುಗ ಹುಡುಗಿಯರು ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ಬೋರ್‌ವೆಲ್ ನೀರಿನ ಫ್ಲೋರೈಡಿನ ಹತ್ತಿರ ಬಂದು ನಿಲ್ಲುವುದು ಸಹಜ. ಬಾಗೇಪಲ್ಲಿ ಕಡೆಯ ಹಳ್ಳಿಗಳಲ್ಲಿ, ಆಚೆ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಹಲ್ಲಿನ ಮೇಲಿನ ಕಂದು ಕಲೆಗಳನ್ನು ನೋಡಿಕೊಂಡೇ ಬೆಳೆದವರು ಇವರು. ನಮ್ಮ ನೆಲದಡಿಯ ಗ್ರಾನೈಟ್, ನೈಸ್ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಆ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತರೆ ಅದು ಕರಗಿ ನೀರಿಗಿಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು.

ಫ್ಲೋರೈಡ್ ಹಿಡಿಯುವ ವಸ್ತುಗಳಲ್ಲಿ ಹೈಡ್ರಾಕ್ಸಿಅಪಟೈಟ್ ಒಂದು. ನಮ್ಮ ಮೂಳೆ, ಹಲ್ಲುಗಳ ಖನಿಜವೂ ಇದೇ ಬಗೆಯದು. ಕ್ಯಾಲ್ಸಿಯಂ, ಫಾಸ್ಫೇಟ್, ಹೈಡ್ರಾಕ್ಸೈಡ್ ಸೇರಿ ಆದ ಸೆರಾಮಿಕ್ ಇದು. ಇದರ ಹೈಡ್ರಾಕ್ಸೈಡ್ ಜಾಗಕ್ಕೆ ಫ್ಲೋರೈಡ್ ಸಲೀಸಾಗಿ ಬಂದು ಕೂರುತ್ತದೆ. ಇದಕ್ಕೆ ಬೇಕಾದ ಕ್ಯಾಲ್ಸಿಯಂ ಎಗ್ ರೈಸ್ ಗಾಡಿಯ ಪಕ್ಕದ ಕಸದ ಬುಟ್ಟಿಯಲ್ಲೇ ಸಿಗುತ್ತದೆ, ಮೊಟ್ಟೆ ಚಿಪ್ಪಿನಲ್ಲಿ ಶೇಕಡ 94ರ ಆಸುಪಾಸು ಕ್ಯಾಲ್ಸಿಯಂ ಕಾರ್ಬೊನೇಟ್ ಇರುವುದರಿಂದ.

ಮಾಡುವ ವಿಧಾನ ಕಷ್ಟದ್ದಲ್ಲ. ಮಾಡಿದ್ದು ಏನು ಎಂದು ತಿಳಿಯುವುದರಲ್ಲಿ ಎಡವುವವರೇ ಹೆಚ್ಚು. ಬಿಳಿ ಪುಡಿ ಬಂತು ಅಂದ ತಕ್ಷಣ ಬೆಂಗಳೂರಿಗೆ, ಪುಡಿಯೊಳಗಿನ ಹರಳು ಯಾವುದೆಂದು ಎಕ್ಸ್-ಕಿರಣದಿಂದ ಗುರುತಿಸುವ ಪರೀಕ್ಷೆಯಾದ ಎಕ್ಸ್‌ಆರ್‌ಡಿಗೆ ಕಳಿಸಿ, ಬಂದ ಗ್ರಾಫನ್ನು ರಿಪೋರ್ಟಿಗೆ ಅಂಟಿಸಿ ಮುಗಿಸಿಬಿಡುತ್ತಾರೆ. ಸುಣ್ಣ, ಕಾರ್ಬೊನೇಟ್, ಹೈಡ್ರಾಕ್ಸಿಅಪಟೈಟ್ ಎಲ್ಲವೂ ಕಣ್ಣಿಗೆ ಬಿಳಿ ಪುಡಿಯೇ. ಅವುಗಳ ನಡುವಿನ ವ್ಯತ್ಯಾಸ ಹೇಳಲು ಕಾಲೇಜಿನ ತಕ್ಕಡಿ, ಬ್ಯೂರೆಟ್, ಪಿಎಚ್ ಮೀಟರ್ ಬಹುಮಟ್ಟಿಗೆ ಸಾಕು. ದುಡ್ಡು ಕೊಟ್ಟು ಮಾಡಿಸುವ ಪರೀಕ್ಷೆ ಅದಾದ ಮೇಲಿನ ಮಾತು.

ಚಿಪ್ಪು ಕೂಡಿಸುವುದು

ಒಂದು ಮೊಟ್ಟೆಯ ಚಿಪ್ಪು ಸುಮಾರು 5ರಿಂದ 6 ಗ್ರಾಂ ತೂಗುತ್ತದೆ. 50 ಗ್ರಾಂ ಪುಡಿಗೆ ಹತ್ತು ಹನ್ನೆರಡು ಮೊಟ್ಟೆ ಲೆಕ್ಕಕ್ಕೆ ಸಾಕು. ತೊಳೆದು, ಸುಲಿದು, ಕುಟ್ಟುವಾಗ ಹೋಗುವುದನ್ನು ಸೇರಿಸಿ ಇಪ್ಪತ್ತು ಇಟ್ಟುಕೊಳ್ಳಿ. ಗಾಡಿಯವರ ಹತ್ತಿರ ಸಂಜೆ ವ್ಯಾಪಾರ ಶುರುವಾಗುವ ಮುಂಚೆ ಹೋಗಿ, "ಅಣ್ಣಾ, ಇವತ್ತು ಚಿಪ್ಪನ್ನ ಈ ಚೀಲಕ್ಕೇ ಹಾಕ್ತೀರಾ, ರಾತ್ರಿ ಬಂದು ತಗೊಂಡು ಹೋಗ್ತೀನಿ" ಎಂದು ಖಾಲಿ ಚೀಲ ಕೊಟ್ಟು ಬನ್ನಿ. ಬುಟ್ಟಿಯಿಂದ ಆರಿಸಿಕೊಳ್ಳಲು ಹೋದರೆ ಈರುಳ್ಳಿ ಸಿಪ್ಪೆ, ಎಣ್ಣೆ, ಸಾಸ್ ಎಲ್ಲಾ ಮೆತ್ತಿಕೊಂಡಿರುತ್ತದೆ. ಬೇಯಿಸಿದ ಮೊಟ್ಟೆ ಮಾರುವವರ ಬಳಿ ಸಿಕ್ಕರೆ ಇನ್ನೂ ಒಳ್ಳೆಯದು, ಒಳಪೊರೆ ಸುಲಭವಾಗಿ ಬಿಡುತ್ತದೆ.

ನಲ್ಲಿ ನೀರಲ್ಲಿ ಉಜ್ಜಿ ತೊಳೆದು, ಹತ್ತು ಹದಿನೈದು ನಿಮಿಷ ಕುದಿಸಿ, ಒಳಪೊರೆಯನ್ನು ಬೆರಳಿಂದ ಸುಲಿಯಿರಿ. ಬೇಗ ಬಿಡಲಿ ಅಂತ ವಿನೆಗರ್ ಹಾಕಬೇಡಿ, ಚಿಪ್ಪೇ ಕರಗುತ್ತದೆ. ಅಲ್ಲಲ್ಲಿ ಪೊರೆ ಉಳಿದರೆ ಕುಲುಮೆಯಲ್ಲಿ ಸುಟ್ಟುಹೋಗುತ್ತದೆ, ಆದರೆ ನಿಮ್ಮ ತೂಕದ ಲೆಕ್ಕ ಅಷ್ಟರಮಟ್ಟಿಗೆ ಮಸುಕಾಗುತ್ತದೆ. ಕೊನೆಗೆ ಡಿಸ್ಟಿಲ್ಡ್ ನೀರಲ್ಲಿ ಜಾಲಿಸಿ 105 ಡಿಗ್ರಿಯ ಓವನ್ನಿನಲ್ಲಿ ಎರಡು ಗಂಟೆ ಒಣಗಿಸಿ. ಪುಡಿ ಮಾಡಲು ಪಿಂಗಾಣಿ ಕುಟ್ಟಾಣಿಯೇ ಸರಿ. ಮನೆಯ ಮಿಕ್ಸಿಯಲ್ಲಿ ಹಾಕಿದರೆ ಬ್ಲೇಡು ಸವೆದು ಕಬ್ಬಿಣ ಪುಡಿಗೆ ಸೇರುತ್ತದೆ, ಅಮ್ಮನಿಂದ ಬೈಗುಳ ಬೇರೆ.

ಸುಡುವುದು, ತೂಗುವುದು

ಒಣ ಪುಡಿಯನ್ನು ಮೂಸೆಯಲ್ಲಿ ಅರ್ಧ ಮಾತ್ರ ತುಂಬಿ. ಅಲ್ಯುಮಿನಾ ಮೂಸೆ ಇದ್ದರೆ ಅದು, ಇಲ್ಲದಿದ್ದರೆ ಪಿಂಗಾಣಿಯದು. ಖಾಲಿ ಮೂಸೆಯ ತೂಕ, ಪುಡಿ ಸೇರಿದ ತೂಕ ಎರಡನ್ನೂ ಮೊದಲೇ ಬರೆದಿಡಿ. ಮಫಲ್ ಫರ್ನೇಸಿನ (ವಿದ್ಯುತ್ ಕುಲುಮೆಯ) ಶಾಖವನ್ನು ನಿಧಾನವಾಗಿ ಏರಿಸಿ. 300–450 ಡಿಗ್ರಿಯ ಹೊತ್ತಿಗೆ ಉಳಿದ ಪೊರೆ ಸುಟ್ಟು, ಕೂದಲು ಕಮರಿದ ವಾಸನೆ ಬರುತ್ತದೆ. ಕಿಟಕಿಗಳು ತೆರೆದಿರಲಿ. ಆ ಹಂತದಲ್ಲಿ ಪುಡಿ ಬೂದು ಕಪ್ಪಾಗಿರುತ್ತದೆ. 900 ಡಿಗ್ರಿಯಲ್ಲಿ ಮೂರು ಗಂಟೆ ಇಟ್ಟರೆ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಅಚ್ಚ ಬಿಳಿ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್ ಆಗುತ್ತದೆ. ಮೂಸೆಯ ನಡುವಿನಿಂದ ಚೂರು ಕೆದಕಿ ನೋಡಿ. ಒಳಗೆ ಬೂದು ಛಾಯೆ ಇದ್ದರೆ ಇನ್ನೊಂದು ಗಂಟೆ ಬೇಕು.

ಮಾಲೂರಿನ ಹೆಂಚು, ಇಟ್ಟಿಗೆ ಗೂಡುಗಳಲ್ಲಿ ಇಟ್ಟು ಸುಡಬಹುದಲ್ಲ ಎಂದು ಕೇಳುವವರಿದ್ದಾರೆ. ಸುಣ್ಣ ಆದೀತು. ಆದರೆ ಗೂಡಿನ ಒಂದೊಂದು ಮೂಲೆಗೆ ಒಂದೊಂದು ಶಾಖ, ಮೇಲಿಂದ ಸೌದೆಯ ಬೂದಿ. ಪ್ರಯೋಗಕ್ಕೆ ಅದು ಆಗಿಬರುವುದಿಲ್ಲ.

ಈಗ ಮೊದಲ ಪರೀಕ್ಷೆ, ತಕ್ಕಡಿಯದು. ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಪೂರ್ತಿ ಸುಟ್ಟರೆ ಶೇಕಡ 44ರಷ್ಟು ತೂಕ ಕಳೆದುಕೊಳ್ಳುತ್ತದೆ. ಚಿಪ್ಪಿನಲ್ಲಿ ಸಾವಯವ ಅಂಶವೂ ಇರುವುದರಿಂದ ಅದಕ್ಕಿಂತ ಶೇಕಡ ಎರಡು ಮೂರರಷ್ಟು ಜಾಸ್ತಿ ಹೋಗಬಹುದು. 50 ಗ್ರಾಂ ಹಾಕಿದ್ದರೆ 26.5ರಿಂದ 28 ಗ್ರಾಂ ಉಳಿಯಬೇಕು. 33 ಗ್ರಾಂ ಉಳಿದಿದೆ ಎಂದರೆ ಒಳಗೆ ಸುಡದ ಕಾರ್ಬೊನೇಟ್ ಇದೆ, ಪುಡಿ ಎಷ್ಟೇ ಬೆಳ್ಳಗೆ ಕಂಡರೂ ಸರಿ. ಫರ್ನೇಸಿನ ಡಿಸ್ಪ್ಲೇ 900 ಎಂದು ತೋರಿಸುತ್ತಿದೆ ಎಂಬುದು ಒಳಗೆ 900 ಇದೆ ಎಂಬುದಕ್ಕೆ ಸಾಕ್ಷಿಯಲ್ಲ. ಶಾಖ ಅಳೆಯುವ ಹಳೆಯ ಥರ್ಮೊಕಪಲ್‌ಗಳು ಸುಳ್ಳು ಹೇಳುತ್ತವೆ, ತೂಕದ ಮುಂದೆ ಆ ಸುಳ್ಳು ನಿಲ್ಲುವುದಿಲ್ಲ.

ಶಾಖ ಸುಮಾರು 200 ಡಿಗ್ರಿಗೆ ಇಳಿದಾಗ ತೆಗೆದು ನೇರ ಡೆಸಿಕೇಟರಿಗೆ (ತೇವ ತಾಗದಂತೆ ಇಡುವ ಮುಚ್ಚಿದ ಪಾತ್ರೆಗೆ) ಹಾಕಿ. ಸುಟ್ಟ ಸುಣ್ಣ ಗಾಳಿಯ ತೇವ ಹೀರಿ ಪೂರ್ತಿ ಅರಳಿದರೆ ತೂಕ ಶೇಕಡ 32ರಷ್ಟು ಏರುತ್ತದೆ. ಶನಿವಾರ ಸುಟ್ಟು ಸೋಮವಾರ ತೂಗಿದ ಪುಡಿಯನ್ನು ಕ್ಯಾಲ್ಸಿಯಂ ಆಕ್ಸೈಡ್ ಎಂದು ಬರೆಯುವಂತಿಲ್ಲ.

ಅಜ್ಜಂದಿರ ಕಾಲದ ಪರೀಕ್ಷೆಯೊಂದನ್ನೂ ಮಾಡಿ. ಚಿಟಿಕೆ ಪುಡಿಗೆ ನಾಲ್ಕು ಹನಿ ನೀರು ಬಿಡಿ. ಚೆನ್ನಾಗಿ ಸುಟ್ಟ ಸುಣ್ಣ ಚುಯ್ ಎಂದು ಬಿಸಿಯಾಗಿ ಅರಳುತ್ತದೆ. ಸುಮ್ಮನೆ ನೆನೆದು ಕೂತರೆ ಸರಿಯಾಗಿ ಸುಟ್ಟಿಲ್ಲ, ಇಲ್ಲವೇ ಆಗಲೇ ಗಾಳಿಗೆ ಅರಳಿಹೋಗಿದೆ. ಇನ್ನೊಂದು ಚಿಟಿಕೆಯನ್ನು ಮೊದಲು ನೀರಲ್ಲಿ ಅರಳಿಸಿ, ತಣ್ಣಗಾದ ಮೇಲೆ ತೆಳುಮಾಡಿದ ಹೈಡ್ರೊಕ್ಲೋರಿಕ್ ಆಮ್ಲ ಹಾಕಿ. ನೊರೆ ಬಂದರೆ ಕಾರ್ಬೊನೇಟ್ ಉಳಿದಿದೆ. ಇಷ್ಟಕ್ಕೂ ಕಣ್ಣಿಗೆ ಕನ್ನಡಕ ಕಡ್ಡಾಯ, ಸುಟ್ಟ ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಸಂಚಕಾರ.

ಬ್ಯೂರೆಟ್ಟಿನ ಲೆಕ್ಕ

ಸುಣ್ಣಕ್ಕೆ ಫಾಸ್ಫೊರಿಕ್ ಆಮ್ಲ ಸೇರಿಸುವ ಮುಂದಿನ ಹಂತದಲ್ಲಿ ಕ್ಯಾಲ್ಸಿಯಂ ಮತ್ತು ರಂಜಕದ (ಫಾಸ್ಫರಸ್) ಮೋಲ್ ಅನುಪಾತ 1.67 ಬರಬೇಕು. ಸುಣ್ಣದಲ್ಲಿ ಎಷ್ಟು ಕ್ಯಾಲ್ಸಿಯಂ ಇದೆ ಎಂದು ಗೊತ್ತಿಲ್ಲದೆ ಆಮ್ಲ ಅಳೆದು ಪ್ರಯೋಜನವಿಲ್ಲ.

0.280 ಗ್ರಾಂ ಪುಡಿ ತೂಗಿ, 25 ಮಿ.ಲೀ. 0.5 ನಾರ್ಮಲ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಸ್ವಲ್ಪ ಕುದಿಸಿ ತಣಿಸಿ. ಉಳಿದ ಆಮ್ಲವನ್ನು ಫಿನಾಫ್ಥಲೀನ್ (ಕ್ಷಾರದಲ್ಲಿ ಗುಲಾಬಿಯಾಗುವ ಸೂಚಕ) ಹಾಕಿ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡಿನಿಂದ ಟೈಟ್ರೇಟ್ ಮಾಡಿ, ಅಂದರೆ ಬಣ್ಣ ಬದಲಾಗುವವರೆಗೆ ಹನಿಹನಿಯಾಗಿ ಅಳೆದು ಬಿಡಿ. ಹಾಕಿದ ಆಮ್ಲ 12.5 ಮಿಲಿಮೋಲ್. 28 ಮಿ.ಲೀ. ಕ್ಷಾರ ಹಿಡಿಯಿತು ಎನ್ನಿ, ಅಂದರೆ ಉಳಿದ ಆಮ್ಲ 2.8 ಮಿಲಿಮೋಲ್. ಸುಣ್ಣ ತಿಂದದ್ದು 9.7. ಒಂದು ಮೋಲ್ ಕ್ಯಾಲ್ಸಿಯಂ ಆಕ್ಸೈಡ್ ಎರಡು ಮೋಲ್ ಆಮ್ಲ ತಿನ್ನುವುದರಿಂದ ಸುಣ್ಣ 4.85 ಮಿಲಿಮೋಲ್, ಅಂದರೆ 272 ಮಿಲಿಗ್ರಾಂ. ಶುದ್ಧತೆ ಶೇಕಡ 97.

ಇದರಲ್ಲೊಂದು ಸೂಕ್ಷ್ಮವಿದೆ. ಉಳಿದ ಕಾರ್ಬೊನೇಟೂ, ಅರಳಿದ ಸುಣ್ಣವೂ ಆಮ್ಲವನ್ನು ಅದೇ ಪ್ರಮಾಣದಲ್ಲಿ ತಿನ್ನುತ್ತವೆ. ಹಾಗಾಗಿ ಈ ಟೈಟ್ರೇಷನ್ ಒಟ್ಟು ಕ್ಯಾಲ್ಸಿಯಂ ಹೇಳುತ್ತದೆಯೇ ಹೊರತು ಅದು ಯಾವ ರೂಪದಲ್ಲಿದೆ ಎಂದು ಹೇಳುವುದಿಲ್ಲ. ರೂಪ ಹೇಳುವುದು ನೊರೆಯ ಪರೀಕ್ಷೆ ಮತ್ತು ತೂಕ. ಚಿಪ್ಪಿನಲ್ಲಿರುವ ತುಸು ಮೆಗ್ನೀಸಿಯಂ ಕೂಡ ಈ ಲೆಕ್ಕದೊಳಗೇ ಬರುತ್ತದೆ. ಅದನ್ನು ಬೇರ್ಪಡಿಸಬೇಕೆಂದರೆ ಇಡಿಟಿಎ (ಕ್ಯಾಲ್ಸಿಯಮ್ಮಿನಂಥ ಲೋಹಗಳನ್ನು ಕಟ್ಟಿಹಿಡಿಯುವ ರಾಸಾಯನಿಕ) ಟೈಟ್ರೇಷನ್ ಮಾಡಿ.

ಫಾಸ್ಫೇಟ್ ಸೇರಿಸುವುದು

10 ಗ್ರಾಂ ಹೈಡ್ರಾಕ್ಸಿಅಪಟೈಟಿಗೆ 0.1 ಮೋಲ್ ಕ್ಯಾಲ್ಸಿಯಂ, 0.06 ಮೋಲ್ ರಂಜಕ ಬೇಕು. 0.1 ಮೋಲ್ ಶುದ್ಧ ಕ್ಯಾಲ್ಸಿಯಂ ಆಕ್ಸೈಡ್ ಎಂದರೆ 5.61 ಗ್ರಾಂ. ನಿಮ್ಮದು ಶೇಕಡ 97 ಶುದ್ಧವಾದರೆ 5.78 ಗ್ರಾಂ ತೂಗಿ. ಕುದಿಸಿ ಆರಿಸಿದ 200 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಸ್ವಲ್ಪ ಸ್ವಲ್ಪವೇ ಸೇರಿಸಿ ಅರಳಿಸಿ. ಹಾಲಿನಂಥ ಸುಣ್ಣದ ನೀರು ಗಂಟಿಲ್ಲದೆ ಬರಬೇಕು, ಗಂಟಿದ್ದರೆ ಜರಡಿ ಹಿಡಿಯದೆ ಇನ್ನಷ್ಟು ಹೊತ್ತು ಕಲಕಿ.

ಅಂಗಡಿಯಲ್ಲಿ ಸಿಗುವ ಶೇಕಡ 85ರ ಫಾಸ್ಫೊರಿಕ್ ಆಮ್ಲ ಸುಮಾರು 14.7 ಮೋಲಾರ್. ಅದರ 4.1 ಮಿ.ಲೀ.ಯನ್ನು ನೀರಿಗೆ ಹಾಕಿ 100 ಮಿ.ಲೀ. ಮಾಡಿದರೆ 0.06 ಮೋಲ್ ಆಯಿತು. ಹಳೆಯ ಬಾಟಲಿಯಾದರೆ ಆಮ್ಲದ ಸಾಂದ್ರತೆಯನ್ನೂ ಒಮ್ಮೆ ಟೈಟ್ರೇಟ್ ಮಾಡಿ ನೋಡಿ.

ಸುಣ್ಣದ ನೀರನ್ನು 60 ಡಿಗ್ರಿಯ ಸುಮಾರಿಗೆ ಬಿಸಿ ಇಟ್ಟು ಜೋರಾಗಿ ಕಲಕುತ್ತಿರಿ. ಬ್ಯೂರೆಟ್ಟಿನಿಂದ ಆಮ್ಲವನ್ನು ನಿಮಿಷಕ್ಕೆ ಎರಡು ಮಿ.ಲೀ. ಮೀರದಂತೆ ಹನಿಹನಿಯಾಗಿ ಬಿಡಿ. ಆಮ್ಲ ಸುಣ್ಣಕ್ಕೆ ಬೀಳಬೇಕು, ಸುಣ್ಣ ಆಮ್ಲಕ್ಕಲ್ಲ. ತಿರುಗಾಮುರುಗಾ ಮಾಡಿದರೆ ಆರಂಭದಲ್ಲಿ ಪಿಎಚ್ ತೀರಾ ಕೆಳಗಿದ್ದು, ಹೈಡ್ರಾಕ್ಸಿಅಪಟೈಟ್ ಬದಲು ಡೈಕ್ಯಾಲ್ಸಿಯಂ ಫಾಸ್ಫೇಟ್ ಹುಟ್ಟಿಕೊಳ್ಳುತ್ತದೆ. ಮೊದಲಿಗೆ ಪಿಎಚ್ 12ರ ಮೇಲಿರುತ್ತದೆ, ಆಮ್ಲ ಮುಗಿಯುತ್ತ ಬಂದಂತೆ ಇಳಿಯುತ್ತದೆ. ಕೊನೆಯ ಕಾಲುಭಾಗದಲ್ಲಿ ಪಿಎಚ್ ಮೀಟರಿನ ಮೇಲೆ ಕಣ್ಣಿಟ್ಟಿರಿ. 9ರ ಕೆಳಗೆ ಹೋಗುವಂತೆ ಕಂಡರೆ ಅಮೋನಿಯಾ ದ್ರಾವಣ ಕೆಲವು ಹನಿ ಹಾಕಿ ಎತ್ತಿ ಹಿಡಿಯಿರಿ. ಈ ಹೊತ್ತಿಗೆ ದ್ರಾವಣ ಗಟ್ಟಿಯಾಗಿ ಮ್ಯಾಗ್ನೆಟಿಕ್ ಸ್ಟಿರರಿನ ಗುಳಿಗೆ ನಿಂತುಬಿಡುವುದುಂಟು. ಗುಳಿಗೆ ನಿಂತದ್ದು ಗೊತ್ತಾಗದೆ ಆಮ್ಲ ಬೀಳುತ್ತಲೇ ಇದ್ದರೆ ಮೇಲ್ಭಾಗ ಒಂದು ವಸ್ತು, ತಳ ಇನ್ನೊಂದು. ಗಾಜಿನ ಕಡ್ಡಿಯಿಂದ ಕೈಯಲ್ಲೇ ಕಲಕಿದರೂ ಅಡ್ಡಿಯಿಲ್ಲ, ನಿಲ್ಲಿಸಬಾರದು ಅಷ್ಟೆ.

ಆಮ್ಲ ಮುಗಿದ ಮೇಲೆ ಎರಡು ಗಂಟೆ ಕಲಕಿ, ಮುಚ್ಚಿ ರಾತ್ರಿಯಿಡೀ ಬಿಡಿ. ಮುಚ್ಚದಿದ್ದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಕಾರ್ಬೊನೇಟ್ ಆಗುತ್ತದೆ. ಬೆಳಗ್ಗೆ ತಿಳಿ ಬಸಿದು, ಡಿಸ್ಟಿಲ್ಡ್ ನೀರಿನಲ್ಲಿ ತೊಳೆದ ನೀರಿನ ಪಿಎಚ್ 7–8ಕ್ಕೆ ಬರುವವರೆಗೂ ತೊಳೆದು ಸೋಸಿ. ಸೋಸುವುದು ತಾಳ್ಮೆಯ ಕೆಲಸ, ಇದು ಲೋಳೆಯ ಹಾಗೆ ಕಾಗದಕ್ಕೆ ಅಂಟಿ ಕೂರುತ್ತದೆ. 105 ಡಿಗ್ರಿಯಲ್ಲಿ ಒಣಗಿಸಿದಾಗ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದು ಗಟ್ಟಿ ಹೆಕ್ಕಳಿಕೆಗಳಾಗುತ್ತದೆ. ಕುಟ್ಟಿ ಪುಡಿ ಮಾಡಿ. ಅರ್ಧವನ್ನು ಹಾಗೇ ಇಟ್ಟುಕೊಂಡು, ಇನ್ನರ್ಧವನ್ನು 800 ಡಿಗ್ರಿಯಲ್ಲಿ ಎರಡು ಗಂಟೆ ಸುಡಿ. ಎರಡೂ ಬೇಕಾಗುತ್ತವೆ.

ದುಡ್ಡಿಲ್ಲದ ಪರೀಕ್ಷೆಗಳು

ಇಳುವರಿ ಮೊದಲು. ಸುಟ್ಟ ಲೆಕ್ಕದಲ್ಲಿ ಒಟ್ಟು 10 ಗ್ರಾಂ ಬರಬೇಕಿತ್ತು. ಸೋಸುವಾಗ ಹೋದದ್ದು ಕಳೆದು 9.2ರಿಂದ 9.8 ಗ್ರಾಂ ಸಿಕ್ಕರೆ ಸರಿ. 105 ಡಿಗ್ರಿಯಲ್ಲಿ ಮಾತ್ರ ಒಣಗಿಸಿದ ಪುಡಿಯಲ್ಲಿ ನೀರು ಇನ್ನೂ ಉಳಿದಿರುತ್ತದೆ, ಅದರ ತೂಕವನ್ನು ಇಳುವರಿ ಎಂದು ಬರೆದರೆ ನೂರಕ್ಕೆ ನೂರಹತ್ತು ಬಂದು ಪರೀಕ್ಷಕರ ಮುಂದೆ ತಬ್ಬಿಬ್ಬಾಗಬೇಕಾಗುತ್ತದೆ.

ಮುಂದಿನದು ನನಗೆ ತುಂಬಾ ಇಷ್ಟದ ಪರೀಕ್ಷೆ. 800 ಡಿಗ್ರಿಯಲ್ಲಿ ಸುಟ್ಟ ಪುಡಿ 1 ಗ್ರಾಂ, ಕುದಿಸಿ ಆರಿಸಿದ ನೀರು 50 ಮಿ.ಲೀ., ಎರಡು ಹನಿ ಫಿನಾಫ್ಥಲೀನ್. ಕಡು ಗುಲಾಬಿ ಬಂದರೆ ಕ್ಯಾಲ್ಸಿಯಂ ಜಾಸ್ತಿಯಾಗಿ ಬಿಡಿ ಸುಣ್ಣ ಉಳಿದಿದೆ. ಅದು ಶೇಕಡ ಒಂದರಷ್ಟಿದ್ದರೂ ನೀರಿನ ಪಿಎಚ್ 11ರ ಮೇಲೆ ಹೋಗುತ್ತದೆ, ಹಾಗಾಗಿ ಈ ಎರಡು ಹನಿ ಬಣ್ಣ ಬಹಳ ಚುರುಕು. ಬಣ್ಣವೇ ಬರದಿದ್ದರೆ ಅಥವಾ ತೆಳುವಾಗಿ ಕಂಡರೆ ಮುಂದುವರಿಯಿರಿ.

ನಂತರ ಕ್ಯಾಲ್ಸಿಯಂ–ರಂಜಕ ಅನುಪಾತ. ಸ್ವಲ್ಪ ಪುಡಿಯನ್ನು ತೆಳುಮಾಡಿದ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಕ್ಯಾಲ್ಸಿಯಮ್ಮನ್ನು ಇಡಿಟಿಎಯಿಂದ, ರಂಜಕವನ್ನು ವೆನೆಡೊಮಾಲಿಬ್ಡೇಟ್ ಹಳದಿ ಬಣ್ಣದಿಂದ ಕಲರಿಮೀಟರಿನಲ್ಲಿ 420 ನ್ಯಾನೊಮೀಟರಿಗೆ ಅಳೆಯಿರಿ. ಫಾಸ್ಫೇಟ್ ಜೊತೆಗಿರುವಾಗ ಕ್ಷಾರೀಯ ಮಾಡಿದರೆ ಕ್ಯಾಲ್ಸಿಯಂ ಮತ್ತೆ ಗಸಿಯಾಗಿ ಕೂರುತ್ತದೆ. ಆದ್ದರಿಂದ ಬೇಕಾಗುವ ಇಡಿಟಿಎಯ ಬಹುಭಾಗವನ್ನು ಆಮ್ಲೀಯವಾಗಿರುವಾಗಲೇ ಹಾಕಿ, ಆಮೇಲೆ ಪಿಎಚ್ ಏರಿಸಿ ಟೈಟ್ರೇಷನ್ ಮುಗಿಸಿ. ಮೋಲ್ ಅನುಪಾತ 1.67, ತೂಕದ ಅನುಪಾತ 2.16. ಇವೆರಡನ್ನೂ ಕಲಸಿಕೊಂಡ ರಿಪೋರ್ಟುಗಳು ಬೇಕಾದಷ್ಟಿವೆ.

ದುಡ್ಡು ಕೊಡುವ ಪರೀಕ್ಷೆಗಳು

ಇಷ್ಟು ದಾಟಿದ ಪುಡಿಯನ್ನು ಎಕ್ಸ್‌ಆರ್‌ಡಿಗೆ ಕಳಿಸಿ. ಸುಟ್ಟದ್ದು, ಸುಡದ್ದು ಎರಡನ್ನೂ. ತಾಮ್ರದ ಕೆ-ಆಲ್ಫಾ ಕಿರಣಕ್ಕೆ ಹೈಡ್ರಾಕ್ಸಿಅಪಟೈಟಿನ ಗುರುತು ಗ್ರಾಫಿನಲ್ಲಿ 25.9 ಡಿಗ್ರಿ ಕೋನದ (2 ಥೀಟಾ) ಶಿಖರ, ಮತ್ತೆ 31.8, 32.2, 32.9ರಲ್ಲಿ ಮೂರು. ಸುಡದ ಪುಡಿಯಲ್ಲಿ ಈ ಮೂರೂ ಸೇರಿ ಒಂದೇ ಅಗಲ ದಿಬ್ಬವಾಗಿ ಕಾಣುತ್ತವೆ. ಕಣ ಸಣ್ಣದು ಎಂದರ್ಥ, ವಸ್ತು ಕೆಟ್ಟಿದೆ ಎಂದಲ್ಲ.

ನಿಮ್ಮ ತಯಾರಿಯ ಲೋಪ ಹೇಳುವುದು ಬೇರೆ ಶಿಖರಗಳು. ಸುಟ್ಟ ಪುಡಿಯಲ್ಲಿ 37.4 ಡಿಗ್ರಿಯಲ್ಲಿ ಏನಾದರೂ ಎದ್ದಿದ್ದರೆ ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಆಮ್ಲ ಕಮ್ಮಿಯಾಗಿದೆ. 31.0ರಲ್ಲಿ ಎದ್ದಿದ್ದರೆ ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಅಂದರೆ ಆಮ್ಲ ಜಾಸ್ತಿಯಾಗಿದೆ ಅಥವಾ ಪಿಎಚ್ ಇಳಿದಿತ್ತು. ಇದು ಸುಟ್ಟ ಮೇಲೆ ಮಾತ್ರ ತಲೆಯೆತ್ತುತ್ತದೆ, ಅದಕ್ಕೇ ಎರಡೂ ಪುಡಿ ಕಳಿಸಬೇಕೆಂದದ್ದು. 29.4 ಕ್ಯಾಲ್ಸೈಟ್ (ಕ್ಯಾಲ್ಸಿಯಂ ಕಾರ್ಬೊನೇಟ್), 18.0 ಅರಳಿದ ಸುಣ್ಣ. 'ಶಿಖರಗಳು ಹೊಂದಿಕೆಯಾಗುತ್ತವೆ' ಎಂದು ಒಂದು ಸಾಲು ಬರೆಯುವ ಬದಲು ಈ ನಾಲ್ಕು ಜಾಗಗಳನ್ನು ಸ್ಕೇಲಿಟ್ಟು ನೋಡಿ.

ಕಣದ ಗಾತ್ರಕ್ಕೆ ಶೆರರ್ ಸೂತ್ರ: 0.9ನ್ನು ತರಂಗಾಂತರದಿಂದ ಗುಣಿಸಿ, ಶಿಖರದ ಅರ್ಧ ಎತ್ತರದ ಅಗಲ ಮತ್ತು ಥೀಟಾದ ಕೊಸೈನಿನ ಗುಣಲಬ್ಧದಿಂದ ಭಾಗಿಸುವುದು. 25.9 ಡಿಗ್ರಿಯ ಶಿಖರದ ಅಗಲ 0.35 ಡಿಗ್ರಿ ಇದ್ದರೆ ಉತ್ತರ ಸುಮಾರು 23 ನ್ಯಾನೊಮೀಟರ್. ಅಗಲವನ್ನು ರೇಡಿಯನ್ನಿಗೆ ಬದಲಿಸಬೇಕು, ಥೀಟಾ ಎಂದರೆ 25.9ರ ಅರ್ಧ. ಯಂತ್ರದ ಸ್ವಂತ ಅಗಲವನ್ನೂ ಕೇಳಿ ತಿಳಿದು ಕಳೆಯಿರಿ.

ಎಫ್‌ಟಿಐಆರ್ (ವಸ್ತು ಯಾವ ಅವಗೆಂಪು ಕಿರಣ ಹೀರುತ್ತದೆ ಎಂದು ನೋಡುವ ಪರೀಕ್ಷೆ) ಅಗ್ಗ, ಬಿಡಬೇಡಿ. ಸೆಂಟಿಮೀಟರಿಗೆ 1030–1090, 960, 600, 565ರಲ್ಲಿ ಫಾಸ್ಫೇಟ್, 3570 ಮತ್ತು 630ರಲ್ಲಿ ಹೈಡ್ರಾಕ್ಸೈಡ್. 1420–1450 ಮತ್ತು 875ರಲ್ಲಿ ಕಂಡರೆ ಕಾರ್ಬೊನೇಟ್ ಸೇರಿದೆ. ತುಸು ಇರುವುದು ಸಾಮಾನ್ಯ, ನಮ್ಮ ಮೂಳೆಯಲ್ಲೂ ಇರುತ್ತದೆ.

ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಜೊತೆ ಇಡಿಎಸ್ (ಅದರಲ್ಲೇ ಧಾತುಗಳ ಪ್ರಮಾಣ ಅಳೆಯುವುದು) ಮಾಡಿಸುವವರು ಒಂದು ಮಾತು ಮೊದಲೇ ಹೇಳಿಬಿಡಿ: ಚಿನ್ನದ ಲೇಪ ಬೇಡ, ಕಾರ್ಬನ್ ಲೇಪ ಇರಲಿ. ಚಿನ್ನದ ಎಂ ರೇಖೆ 2.12 ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ, ರಂಜಕದ ಕೆ ರೇಖೆ 2.01ರಲ್ಲಿ. ಒಂದರ ಮೇಲೊಂದು ಕೂತು ರಂಜಕದ ಅಂಕಿ ಅಡ್ಡಾದಿಡ್ಡಿಯಾಗುತ್ತದೆ. ಕೆಜಿಎಫ್ ಇರುವ ಜಿಲ್ಲೆಯವರಿಗೂ ಇಲ್ಲಿ ಚಿನ್ನ ಬೇಡದ ವಸ್ತು.

ಫ್ಲೋರೈಡ್ ಹಿಡಿಯುತ್ತದೆಯೇ?

0.221 ಗ್ರಾಂ ಸೋಡಿಯಂ ಫ್ಲೋರೈಡನ್ನು ಒಂದು ಲೀಟರಿನಲ್ಲಿ ಕರಗಿಸಿದರೆ ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡ್. ಅದನ್ನು ತೆಳುಮಾಡಿ 5 ಮಿಲಿಗ್ರಾಂ ಮಟ್ಟದ ನೀರು ಮಾಡಿಕೊಳ್ಳಿ. ಗಾಜಲ್ಲ, ಪ್ಲಾಸ್ಟಿಕ್ ಬಾಟಲಿ ಬಳಸಿ. 100 ಮಿ.ಲೀ.ಗೆ 0.5 ಗ್ರಾಂ ಪುಡಿ ಹಾಕಿ ಅಲುಗಾಡಿಸುತ್ತ 15, 30, 60, 120 ನಿಮಿಷಕ್ಕೆ ಮಾದರಿ ಸೋಸಿ ತೆಗೆಯಿರಿ. ಪುಡಿಯೇ ಹಾಕದ ಒಂದು ಬಾಟಲಿಯೂ ಜೊತೆಗೆ ಅಲುಗಾಡುತ್ತಿರಲಿ. 5 ಇದ್ದದ್ದು 2ಕ್ಕೆ ಇಳಿದರೆ ಗ್ರಾಂ ಪುಡಿ ಹಿಡಿದದ್ದು 0.6 ಮಿಲಿಗ್ರಾಂ.

ಅಳೆಯಲು ಫ್ಲೋರೈಡ್ ಎಲೆಕ್ಟ್ರೋಡ್ ಸಿಕ್ಕರೆ ಅದೇ ಆಗಲಿ. ಸ್ಪಾಡ್ನ್ಸ್ ಎಂಬ ಬಣ್ಣದ ರಾಸಾಯನಿಕದಿಂದ ಅಳೆಯುವ ವಿಧಾನಕ್ಕೆ ಫಾಸ್ಫೇಟ್ ಅಡ್ಡಿಪಡಿಸುತ್ತದೆ, ನಿಮ್ಮ ಪುಡಿಯಿಂದ ಫಾಸ್ಫೇಟ್ ತುಸುವಾದರೂ ನೀರಿಗೆ ಇಳಿಯುತ್ತದೆ. ಆಗ ಇರುವುದಕ್ಕಿಂತ ಜಾಸ್ತಿ ಫ್ಲೋರೈಡ್ ತೋರಿಸಿ, ಕೆಲಸ ಮಾಡುತ್ತಿರುವ ಪುಡಿಯನ್ನೇ ನಾಲಾಯಕ್ಕು ಎಂದು ಬಿಸಾಡಬೇಕಾದೀತು. ಎಲೆಕ್ಟ್ರೋಡಿನ ಕ್ಯಾಲಿಬ್ರೇಷನ್ನಿನಲ್ಲಿ ಹತ್ತು ಪಟ್ಟು ಬದಲಾವಣೆಗೆ 59 ಮಿಲಿವೋಲ್ಟಿನ ಆಸುಪಾಸು ಅಂತರ ಬಂದರೆ ಅದು ಸರಿಯಿದೆ. ಪ್ರತಿ ಮಾದರಿಗೂ ಸಮಪ್ರಮಾಣದ ಟಿಸಾಬ್ ಬಫರ್ (ಪಿಎಚ್, ಅಯಾನುಗಳ ಬಲವನ್ನು ಒಂದೇ ಮಟ್ಟದಲ್ಲಿಡುವ ದ್ರಾವಣ) ಸೇರಿಸುವುದು ಮರೆಯಬೇಡಿ.

ನಂತರ ಊರಿನ ಬೋರ್‌ವೆಲ್ ನೀರು ತಂದು ಅದೇ ಪ್ರಯೋಗ ಮಾಡಿ. ಫಲ ಕಡಿಮೆ ಬಂದರೆ ಗಾಬರಿ ಬೇಡ. ನಮ್ಮ ಕಡೆಯ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚು, ಅದೂ ಪುಡಿಯ ಮೇಲೆ ಜಾಗಕ್ಕೆ ಪೈಪೋಟಿ ನಡೆಸುತ್ತದೆ. ಲ್ಯಾಬಿನ ನೀರಿನ ಅಂಕಿ ಮತ್ತು ಊರಿನ ನೀರಿನ ಅಂಕಿ ಎರಡನ್ನೂ ಪಕ್ಕಪಕ್ಕದಲ್ಲೇ ಬರೆಯಿರಿ. ಶುದ್ಧ ಮಾಡಿದ ನೀರು ಎಂದು ಯಾರಿಗೂ ಕುಡಿಯಲು ಕೊಡಬೇಡಿ. ಕುಡಿಯುವ ನೀರಿಗೆ ಪಟಿಕ, ಸುಣ್ಣ ಬಳಸುವ ನಲ್ಗೊಂಡ ವಿಧಾನದಂಥ ಪಳಗಿದ ದಾರಿಗಳಿವೆ. ಬಳಸಿದ ಪುಡಿಯನ್ನು ಸಿಂಕಿಗೆ ಸುರಿಯದೆ, ಚೀಟಿ ಅಂಟಿಸಿ ಲ್ಯಾಬಿನ ತ್ಯಾಜ್ಯದ ಡಬ್ಬಕ್ಕೆ ಹಾಕಿ.